ಹಿಡಿದಿಡದ ಪುಟ

ಯಂತ್ರ ಕೆಟ್ಟಿರಲಿಲ್ಲ, ತಪ್ಪು ನನ್ನ ಮೊಮ್ಮಗಳದೇ. ಟಾಲಿಗಂಜಿನ ನಮ್ಮ ಮನೆಯಲ್ಲಿ ಅವಳು ತಟ್ಟೆ ಮುಂದೆ ಕೂತು ಅಳುತ್ತಿದ್ದಳು. ಆಸ್ಪತ್ರೆಯ ಸ್ಕ್ಯಾನ್ ಯಂತ್ರಕ್ಕೆ ಅವಳು ಬರೆದ ಡ್ರೈವರ್ ಪ್ರೋಗ್ರಾಮ್‌ನಿಂದ ಒಬ್ಬರ ಚಿತ್ರದೊಳಗೆ ಇನ್ನೊಬ್ಬರದು ಸೇರಿ, ತಪ್ಪು ಚಿಕಿತ್ಸೆಯಾಗಿ ರೋಗಿಯೊಬ್ಬರು ಸತ್ತಿದ್ದರು.

"ಯಂತ್ರ ಚಿತ್ರ ತುಂಬಿ ಮುಗಿಸೋವರೆಗೂ ಮೆಮೊರಿಯಲ್ಲಿ ಆ ಚಿತ್ರ ಕೂರೋ ಪುಟಾನ ಪಿನ್ ಮಾಡಿ ಹಿಡಿದಿರಬೇಕಿತ್ತು ಅಜ್ಜಿ. ನಾನು ಮೊದಲೇ ಬಿಟ್ಟೆ. ಸಿಸ್ಟಮ್ ಆ ಜಾಗಾನ ಬೇರೆಯವರ ಚಿತ್ರಕ್ಕೆ ಕೊಡ್ತು."

"ಅಂದ್ರೆ ನಾನು ಸಾರು ಬಡಿಸ್ತಿರುವಾಗಲೇ ಎಲೆ ಎಳೆದು, ಅಲ್ಲಿ ಇನ್ನೊಬ್ಬರ ಎಲೆ ಹಾಕಿದ ಹಾಗೆ. ಆಫೀಸಲ್ಲಿ ಹೇಳಿದ್ಯೇನೇ?"

"ಇಲ್ಲ. ಯಂತ್ರ ಹಳೇದು ಅಂದ್ಕೊಂಡಿದ್ದಾರೆ."

"ಅದು ಇನ್ನೂ ಓಡ್ತಿದೆಯಾ?"

"ಹೂಂ."

ಮರುದಿನ ಬೆಳಿಗ್ಗೆ ಅವಳ ಜೊತೆ ನಾನೂ ಕ್ಯಾಬ್ ಹತ್ತಿದೆ. ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ಅವಳು ಮೇಲಿನವರ ಎದುರು ಎಲ್ಲ ಹೇಳಿ ಮುಗಿಸುವವರೆಗೂ ಅವಳ ಕೈ ಹಿಡಿದೇ ನಿಂತಿದ್ದೆ.