ವಿಜಯವಾಡದ ಸೆಕೆಗೊಂದು ಫೈರ್‌ಪ್ಲೇಸ್

ಮೈದುನನ ಹೊಸ ಮನೆಯ ಹಜಾರದಲ್ಲಿದ್ದ ಫೈರ್‌ಪ್ಲೇಸಿನೊಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದೆ. ಚಿಮಣಿ ಸೂರು ದಾಟಿರಲೇ ಇಲ್ಲ. ಫಾಲ್ಸ್ ಸೀಲಿಂಗ್ ಹತ್ತಿರವೇ ಮುಚ್ಚಿಹೋಗಿತ್ತು. ಕಟ್ಟಡಗಳ ಸುರಕ್ಷತೆ ನೋಡುವುದೇ ನನ್ನ ಕೆಲಸ, ಸುಮ್ಮನಿರಲಾಗಲಿಲ್ಲ.

"ಇಲ್ಲಿ ಬೆಂಕಿ ಹಾಕಿದ್ರೆ ಹೊಗೆಯೆಲ್ಲ ಮನೆಯೊಳಗೇ ಕಣೋ" ಎಂದೆ.

"ಇದು ಬರೀ ಶೋಗೆ ಅತ್ತಿಗೆ. ವಿಜಯವಾಡದ ಸೆಕೇಲಿ ಬೆಂಕಿ ಹಾಕೋ ಪುಣ್ಯಾತ್ಮರು ಯಾರಿದಾರೆ?" ಎಂದು ನಕ್ಕ.

ಗೃಹಪ್ರವೇಶದ ಬೆಳಿಗ್ಗೆ ಉತ್ತರ ಸಿಕ್ಕಿತು. ಹಾಲು ಉಕ್ಕಿಸಲು ಸೌದೆ ಒಲೆಯೇ ಆಗಬೇಕೆಂಬುದು ನಮ್ಮತ್ತೆಯ ಹಟ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಕಂಡು ಮುಖ ಸಿಂಡರಿಸಿದವರು, ಹೋಮಕ್ಕೆ ತಂದಿದ್ದ ಸೌದೆಯನ್ನು ಫೈರ್‌ಪ್ಲೇಸಿನಲ್ಲಿ ಪೇರಿಸಿ, ತುಪ್ಪ ಸುರಿದು ಹೊತ್ತಿಸಿಯೇ ಬಿಟ್ಟರು. ಹಜಾರದ ತುಂಬ ಹೊಗೆ. ತೆಲುಗು ನೆಂಟರು "ಪೊಗ, ಪೊಗ" ಎಂದು ಕೂಗುತ್ತ, ನಮ್ಮವರು ಬರೀ ಕೆಮ್ಮುತ್ತ ಬೀದಿಗೆ ಓಡಿದರು. ಸೀಲಿಂಗಿಗೆ ಕಿಡಿ ತಾಗುವ ಮುಂಚೆ ನಾನು ನೀರು ಸುರಿದು ಆರಿಸಿದೆ.

ಅತ್ತೆ ಮಾತ್ರ ಕಣ್ಣೊರೆಸಿಕೊಂಡು ಮಗನಿಗೆ, "ಮನೆ ಲಕ್ಷಣವಾಗಿದೆ. ಒಲೆ ಕಟ್ಟೋಕೆ ನಿಮ್ಮ ಮೇಸ್ತ್ರಿಗೆ ಬರೋಲ್ಲ" ಅಂದರು.

ಈಗ ತಪಾಸಣೆಗೆ ಹೋದಲ್ಲಿ ಯಾರಾದರೂ "ಇದು ಬರೀ ಶೋಗೆ" ಅಂದರೆ ನನ್ನದು ಒಂದೇ ಪ್ರಶ್ನೆ: "ನಿಮ್ಮ ಅಮ್ಮನಿಗೆ ಹೇಳಿದ್ದೀರಾ?"