ಕೋಮೋ ಊರಿನ ಮಾಸಿ

ಮಾಸಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನಿರುತ್ತಿರಲಿಲ್ಲ. ಕೈಗೆ ಸಿಕ್ಕ ಬಟ್ಟೆಯ ಅಂಚನ್ನು ಬತ್ತಿ ಹೊಸೆದ ಹಾಗೆ ಒಳಕ್ಕೆ ಸುತ್ತುತ್ತಲೇ ಇರುತ್ತಿದ್ದವು. ಟವೆಲ್ಲಾಗಲಿ, ಸೋಫಾದ ಹೊದಿಕೆಯಾಗಲಿ, ಪಕ್ಕದಲ್ಲಿ ಕುಳಿತವರ ಸೆರಗಾಗಲಿ, ಅವರಿಗೆ ಎಲ್ಲವೂ ಒಂದೇ. ಸೂರತ್ತಿನ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ಇಸ್ತ್ರಿ ಮಾಡಿದ ಸೀರೆ ಉಟ್ಟ ದಿನ ಅವರಿಂದ ದೂರ ಕೂರುತ್ತಿದ್ದರು.

ಮಕ್ಕಳೇ, ಫೋಟೋದಲ್ಲಿ ನನ್ನ ಪಕ್ಕ ನಿಂತಿರುವವರು ಯಾರು ಎಂದು ಕೇಳಿದಿರಿ. ಅವರೇ ಎದುರುಮನೆಯ ಮಾಸಿ, ನಮ್ಮ ಕಡೆ ಚಿಕ್ಕಮ್ಮ ಎಂದ ಹಾಗೆ. ನಿಮಗೆ ಕನ್ನಡ ಓದಲು ಕಷ್ಟವಾದರೆ ಅಪ್ಪನ ಹತ್ತಿರ ಓದಿಸಿಕೊಳ್ಳಿ. ಅವನೂ ಇದರಲ್ಲಿದ್ದಾನೆ.

ಮಾಸಿ ಸೂರತ್ತಿನಲ್ಲೇ ಹುಟ್ಟಿದವರು. ಅವರ ಗಂಡ ಸೀರೆಗೆ ಅಚ್ಚು ಹಾಕುವ ಕಾರ್ಖಾನೆಯಲ್ಲಿದ್ದವರು, ಇಟಲಿಯ ಕೋಮೋ ಎಂಬ ಊರಿನಲ್ಲಿ ಅದೇ ಕೆಲಸ ಸಿಕ್ಕಿತೆಂದು ಸಂಸಾರ ಕಟ್ಟಿಕೊಂಡು ಹೋದರು. ಮಾಸಿ ಅಲ್ಲಿ ರೇಷ್ಮೆ ಸ್ಕಾರ್ಫುಗಳ ಅಂಚನ್ನು ಬೆರಳಲ್ಲಿ ಸುತ್ತಿ ಸೂಜಿಯಲ್ಲಿ ಹೊಲಿಯುವುದನ್ನು ಕಲಿತರು. ಅರ್ಧ ಆಯುಷ್ಯ ಅದೇ ಕೆಲಸ. ಗಂಡ ತೀರಿಕೊಂಡ ಮೇಲೆ ವಾಪಸು ಬಂದರು. ಒಬ್ಬಳೇ ಮಗಳು ಅಲ್ಲಿಯೇ ಉಳಿದಳು.

ನಿಮ್ಮ ತಾತ ಹೋದದ್ದು ಒಂದು ಬೆಳಿಗ್ಗೆ, ಹಾಲು ಕಾಯಿಸುವಷ್ಟರಲ್ಲಿ. ನನಗೆ ಅಳು ಬರಲಿಲ್ಲ. ಎಲ್ಲರೂ ಅಳು ಎಂದರು. ಊರಿಂದ ಬಂದ ನನ್ನ ನಾದಿನಿ, "ಅತ್ತುಬಿಡೇ, ಎದೆಲಿಟ್ಕಂಡ್ರೆ ಕಲ್ಲಾಗ್ತದೆ" ಎಂದು ಬೆನ್ನು ತಟ್ಟಿದಳು. ನಾನು ಗೋಡೆ ನೋಡುತ್ತಿದ್ದೆ. ಗೋಡೆಯ ಬಣ್ಣ ಎದ್ದಿತ್ತು. ಅದನ್ನು ನೋಡುವುದು ಕಷ್ಟವಾಗಿರಲಿಲ್ಲ. ನೆಂಟರೆಲ್ಲ ಹೋದ ಮೇಲೆ ಮಾತೂ ನಿಂತಿತು, ಊಟವೂ ನಿಂತಿತು. ನೀರು ಕೊಟ್ಟರೆ ಕುಡಿಯುತ್ತಿದ್ದೆ, ಅಷ್ಟೆ.

ನಿಮ್ಮ ಅಪ್ಪ ತಟ್ಟೆ ಹಿಡಿದು ಎದುರು ಕೂರುತ್ತಿದ್ದ. "ಅಮ್ಮಾ, ಒಂದು ತುತ್ತು. ನನಗೋಸ್ಕರ." ಬಾಯಿಗಿಟ್ಟರೆ ಅನ್ನ ಬಾಯಲ್ಲೇ ಇರುತ್ತಿತ್ತು. ಕೊನೆಗೆ ಅವನು ಅಹಮದಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ಸೇರಿಸುವುದೆಂದು ಮಾತಾಡಿ ಬಂದ. ಮೂಗಿಗೆ ನಳಿಕೆ ಹಾಕಿ ಊಟ ಕೊಡುತ್ತಾರಂತೆ, ತಲೆಗೂ ಏನೋ ಚಿಕಿತ್ಸೆಯಂತೆ. ಬೇಡ ಎನ್ನುವ ಮಾತು ನನ್ನೊಳಗಿತ್ತು. ಗಂಟಲವರೆಗೆ ಬರಲಿಲ್ಲ.

ಆ ದಿನಗಳಲ್ಲಿ ಮಾಸಿ ಸಂಜೆಯಾದರೆ ಬಂದು ನನ್ನ ಪಕ್ಕ ಕೂರುತ್ತಿದ್ದರು. ಅಳು ಎನ್ನಲಿಲ್ಲ, ತಿನ್ನು ಎನ್ನಲಿಲ್ಲ. ನನ್ನ ಸೆರಗಿನ ಅಂಚು ಸುತ್ತುತ್ತ ಕೋಮೋದ ಮಾತು ಆಡುತ್ತಿದ್ದರು. ಅರ್ಧ ಗುಜರಾತಿ, ಅರ್ಧ ಹಿಂದಿ. ಬೆಟ್ಟಗಳ ನಡುವೆ ಮೂರು ಕವಲಿನ ಉದ್ದನೆಯ ಕೆರೆಯಂತೆ, ಒಂದು ಕವಲಿನ ತುದಿಯಲ್ಲಿ ಊರು. ಹಳೇ ಊರಿನ ಸುತ್ತ ಕೋಟೆಗೋಡೆ. ಅಲ್ಲಿನ ದೊಡ್ಡ ಚರ್ಚು ಕಟ್ಟುತ್ತ ಕಟ್ಟುತ್ತ ಎಷ್ಟೋ ತಲೆಮಾರು ಕಳೆದವಂತೆ. "ಅಡಿಪಾಯ ಹಾಕಿದವನ ಮೊಮ್ಮಗನ ಮೊಮ್ಮಗನೂ ಗೋಪುರ ನೋಡ್ಲಿಲ್ಲ. ನಮ್ಮ ಸೊಸೈಟಿ ಲಿಫ್ಟ್ ರಿಪೇರಿ ಹಾಗೆ" ಎಂದು ಅವರೇ ನಕ್ಕರು. ಬೆಟ್ಟದಾಚೆ ಬೇರೆ ದೇಶ. ಹಿಂದೆ ಕಾಫಿ, ಸಿಗರೇಟು ಕದ್ದು ತರುವವರು ಸದ್ದಾಗದಿರಲೆಂದು ಕಾಲಿಗೆ ಗೋಣಿ ಕಟ್ಟಿಕೊಂಡು ಬೆಟ್ಟ ಇಳಿಯುತ್ತಿದ್ದರಂತೆ. "ಈಗ ನನ್ನ ಮಗಳು ಬೆಳಿಗ್ಗೆ ಬೂಟು ಟಕಟಕ ಅನ್ನಿಸ್ಕೊಂಡು ಆಚೆ ದೇಶಕ್ಕೆ ಕೆಲಸಕ್ಕೆ ಹೋಗ್ತಾಳೆ, ಸಂಜೆ ಅಡುಗೆ ಹೊತ್ತಿಗೆ ಈಚೆ ದೇಶಕ್ಕೆ ಬರ್ತಾಳೆ." ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಕೋಲಿನಿಂದ ತಿರುವಿ, ನಮ್ಮ ಮುದ್ದೆಯ ಹಾಗೆ ಮಾಡಿ, ಹಲಗೆಗೆ ಸುರಿದು ದಾರದಿಂದ ಕತ್ತರಿಸುತ್ತಾರಂತೆ.

ಒಂದು ಸಂಜೆ ಮಾಸಿ ಹುಳುವಿನ ಮಾತು ತೆಗೆದರು. ಈಗ ಕೋಮೋಗೆ ನೂಲು ಹೊರಗಿನಿಂದ ಬರುತ್ತದೆ. ಹಿಂದೆ ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲೂ ರೇಷ್ಮೆಹುಳು ಸಾಕುತ್ತಿದ್ದರಂತೆ. ಹೆಂಗಸರು ಮೊಟ್ಟೆಗಳನ್ನು ಪುಟ್ಟ ಬಟ್ಟೆಚೀಲದಲ್ಲಿ ಎದೆಯ ಹತ್ತಿರ ಇಟ್ಟುಕೊಂಡು ಕಾವು ಕೊಡುತ್ತಿದ್ದರಂತೆ. "ಹುಳು ನಾಲ್ಕು ಸಲ ನಿದ್ದೆ ಮಾಡುತ್ತೆ ಅಂತ ಅಲ್ಲಿನ ಒಬ್ಬ ಮುದುಕಿ ಹೇಳ್ತಿದ್ದಳು. ಆಗ ಸೊಪ್ಪು ಜಾಸ್ತಿ ಹಾಕಿ ಎಬ್ಬಿಸ್ತಿದ್ರೇನೋ."

"ಹಾಕಬಾರದು" ಎಂದೆ.

ಮಾಸಿಯ ಬೆರಳು ನಿಂತಿತು.

ನಿಮ್ಮ ಅಪ್ಪನ ಬ್ಯಾಂಕ್ ಕೆಲಸಕ್ಕೆಂದು ಸೂರತ್ತಿಗೆ ಬಂದವರು ನಾವು, ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ. ನಾನು ಶಾಲೆಗಿಂತ ಹೆಚ್ಚು ಹುಳುಮನೆಯಲ್ಲಿ ಬೆಳೆದವಳು. ಹರಕು ಹಿಂದಿಯಲ್ಲಿ ಹೇಳಿದೆ: ನಾವು ಅದನ್ನು ಜ್ವರ ಎನ್ನುತ್ತೇವೆ. ಹುಳು ತಲೆ ಎತ್ತಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಒಳಗೆ ಹಳೇ ಚರ್ಮ ಬಿಡುತ್ತಿರುತ್ತದೆ. ಆಗ ಸೊಪ್ಪು ನಿಲ್ಲಿಸಬೇಕು, ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಸತ್ತಿದೆಯೆಂದು ಎಸೆಯಲೂಬಾರದು. ಎಲ್ಲ ಹುಳುವೂ ಎದ್ದ ಮೇಲೆ ಎಳೆ ಸೊಪ್ಪು ಕೊಡಬೇಕು, ಸ್ವಲ್ಪವೇ.

ಇಷ್ಟು ಹೇಳುವುದರಲ್ಲಿ ಸುಸ್ತಾಯಿತು. ಮಾಸಿ ನನ್ನನ್ನೇ ನೋಡುತ್ತಿದ್ದರು.

ನಿಮ್ಮ ಅಪ್ಪ ಬ್ಯಾಂಕಿನಿಂದ ಬಂದ. ಮಾಸಿ ಬಾಗಿಲಲ್ಲೇ ಹಿಡಿದರು. "ಬೇಟಾ, ಅಹಮದಾಬಾದ್ ಬೇಡ."

"ಮಾಸಿ, ಏನೂ ತಿಂತಾ ಇಲ್ಲ. ಹೀಗೇ ಬಿಟ್ರೆ ಹೋಗ್ಬಿಡ್ತಾರೆ."

"ದಿನಾ ಬ್ಯಾಂಕಲ್ಲಿ ಜನರ ಸಹಿ ಗುರುತಿಸ್ತೀಯ, ತಾಯಿ ಮುಖ ಗುರುತಿಸೋಕೆ ಬರಲ್ವಾ? ಈಗಷ್ಟೇ ಮಾತಾಡಿದಳು. ನನ್ನ ತಪ್ಪು ತಿದ್ದಿದಳು! ಒಂದು ವಾರ ನನಗೆ ಬಿಡು. ತಟ್ಟೆ ಹಿಡಿದು ಎದುರು ಕೂರಬೇಡ. ನೀರು, ಮಜ್ಜಿಗೆ ಪಕ್ಕದಲ್ಲಿಡು, ಆಚೆ ಹೋಗು. ಆಮೇಲೂ ಏಳದಿದ್ದರೆ ನಾನೇ ಕಾರು ಹತ್ತಿಸ್ತೀನಿ."

ಅವನು ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಚಪ್ಪಲಿಯನ್ನೂ ಬಿಚ್ಚದೆ ಅಲ್ಲೇ ಕುಳಿತು ಅತ್ತ. ನಾನು ಅಳಲಿಲ್ಲ.

ಆ ವಾರ ಮಾಸಿ ಯಾರನ್ನೂ ಒಳಗೆ ಬಿಡಲಿಲ್ಲ. ಸಮಾಧಾನ ಹೇಳಲು ಬಂದವರನ್ನು ಮೆಟ್ಟಿಲಿನಿಂದಲೇ ಕಳಿಸಿದರು. ನಾನು ಮೊದಲು ಮಜ್ಜಿಗೆ ಕುಡಿದೆ, ಆಮೇಲೆ ಗಂಜಿ. ಒಂದು ದಿನ ಮಾಸಿ ತಮ್ಮ ಮೆಕ್ಕೆಜೋಳದ ಮುದ್ದೆ ಮಾಡಿ ತಂದು ದಾರದಿಂದ ಕತ್ತರಿಸಿದರು. ಉಪ್ಪು ಕಡಿಮೆಯಾಗಿತ್ತು. ಹಾಗೆಂದು ಹೇಳಿದೆ. "ಉಪ್ಪು-ಖಾರದ ತಪ್ಪು ಹಿಡಿಯೋಕೆ ಕೋಮೋದಲ್ಲೂ ಅತ್ತೆ ಇರಲಿಲ್ಲ, ಇಲ್ಲಿ ಸಿಕ್ಕಿದಳು" ಎಂದರು. ಆಸ್ಪತ್ರೆಯ ಮಾತು ಅಲ್ಲಿಗೆ ನಿಂತಿತು. ಏನೋ ಸರಿಹೋಯಿತು ಎಂದು ನಾನು ಬರೆಯಲಾರೆ. ಊಟ ಮಾಡಿದೆ, ಬಟ್ಟೆ ಒಗೆದೆ, ಬದುಕಿದೆ. ನೀವು ಹುಟ್ಟಿದಾಗ ಎತ್ತಿಕೊಳ್ಳಲು ಇದ್ದೆ.

ಹೋದ ಚಳಿಗಾಲ ಮಾಸಿ ನಿದ್ದೆಯಲ್ಲೇ ಹೋದರು. ಮಗಳು ಕೋಮೋದಿಂದ ಬರುವಷ್ಟರಲ್ಲಿ ದಹನ ಮುಗಿದಿತ್ತು. ಬೇಸಣುವಿಗೆ ಬಂದಳು. ಬೇಸಣು ಎಂದರೆ ಇಲ್ಲಿ ಸತ್ತವರ ಮನೆಯಲ್ಲಿ ಜನ ಬಿಳಿಯುಟ್ಟು ಬಂದು ಕೂರುವ ಪದ್ಧತಿ. ಆಕೆ ಕಪ್ಪು ಕೋಟು ಹಾಕಿಕೊಂಡೇ ಮೂಲೆಯಲ್ಲಿ ಕುಳಿತಿದ್ದಳು. ಕಣ್ಣು ಒಣಗಿತ್ತು. ಹೆಂಗಸರು ಪಿಸುಗುಟ್ಟಿದರು, "ವಿದೇಶದಲ್ಲಿದ್ದು ಕರುಳೂ ಕಲ್ಲಾಗಿದೆ." ಅವಳ ಚಿಕ್ಕಮ್ಮ ಭುಜ ಹಿಡಿದು ಅಲ್ಲಾಡಿಸಿದಳು. "ಅಳು, ದೀಕರಿ, ಅಳು ಮಗಳೇ. ತಾಯಿ ಹೋದಳು, ಅಳು." ಇನ್ನೊಬ್ಬಳು ಬಾಯಿಗೆ ತುತ್ತು ಹಿಡಿದಳು.

ನಾನು ಜನರೆದುರು ಮಾತಾಡುವವಳಲ್ಲ. ನಿಮಗೇ ಗೊತ್ತು, ಶಾಲೆಯ ಸಭೆಗೆ ಕರೆದರೂ ಹಿಂದಿನ ಸಾಲಲ್ಲಿ ಕೂರುತ್ತೇನೆ. ಅಂದು ಎದ್ದು ನಿಂತೆ.

"ಎನೇ ರಹೇವಾ ದೋ" ಎಂದೆ. ಅವಳನ್ನು ಬಿಟ್ಟುಬಿಡಿ.

ಎಲ್ಲರೂ ತಿರುಗಿ ನೋಡಿದರು. ನಾನು ಇನ್ನೊಮ್ಮೆ ಹೇಳಿದೆ, ಜೋರಾಗಿ. ಚಿಕ್ಕಮ್ಮ ಕೈ ತೆಗೆದಳು. ನಾನು ಹೋಗಿ ಆ ಹುಡುಗಿಯ ಪಕ್ಕ ಕುಳಿತೆ, ಮುಟ್ಟಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಹೋಗುವವರೆಗೆ ಇಬ್ಬರೂ ಗೋಡೆಗೆ ಒರಗಿ ಕೂತಿದ್ದೆವು.