ಎರಡು ದಿನದ ಬಾಡಿಗೆ ಮನೆ

ನನ್ನ ಅಕ್ಕನ ಮನೆ ಸುರಪುರದ ಪಕ್ಕದ ರಂಗಂಪೇಟೆಯಲ್ಲಿದೆ, ನನ್ನದು ಶಹಾಪುರದಲ್ಲಿ. ಬಸ್ಸಿಗೆ ಒಂದು ತಾಸೂ ಹಿಡಿಯುವುದಿಲ್ಲ. ಆದರೂ ಮದುವೆಯಾದ ಮೇಲೆ ಅಕ್ಕನ ಜೊತೆ ಎರಡು ದಿನ ಸುಮ್ಮನೆ ಕೂತು ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಅಲ್ಲಿಗೆ ಹೋದರೆ, ಹದಿನಾಲ್ಕು ಮಂದಿಯ ಆ ಮನೆಯಲ್ಲಿ ಅವಳು ಒಲೆಯ ಮುಂದೆ, ನಾನು ಅಡುಗೆಮನೆಯ ಹೊಸ್ತಿಲಲ್ಲಿ. ಒಂದು ಮಾತು ಶುರುವಾಯಿತು ಎನ್ನುವಷ್ಟರಲ್ಲಿ ಅರಿವೆ ಅಂಗಡಿಯಿಂದ ಭಾವ ಚಹಾಕ್ಕೆ ಹೇಳಿ ಕಳಿಸುತ್ತಾರೆ. ಅವಳು ನನ್ನ ಮನೆಗೆ ಬಂದರೆ ಇನ್ನೂ ಕಷ್ಟ. ಚಪ್ಪಲಿ ಬಿಟ್ಟವಳೇ ಸೆರಗು ಸಿಕ್ಕಿಸಿಕೊಂಡು, ಶಾಲೆಯಲ್ಲಿ ಮಕ್ಕಳ ಜೊತೆ ಒದರಿ ಸಾಕಾಗಿದ್ದೀ ಎಂದು ನನ್ನನ್ನೇ ಕೂರಿಸಿ, ತಾನು ರೊಟ್ಟಿ ಬಡಿಯಲು ನಿಲ್ಲುತ್ತಾಳೆ.

ನಾವಿಬ್ಬರೂ ಬೆಳೆದದ್ದು ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಗುಮಾಸ್ತರಾಗಿದ್ದರು. ಎರಡು ಕೋಣೆಯ ಮನೆ, ಮುಂದೆ ಮೂರು ಮೆಟ್ಟಿಲು. ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕ ಮೇಲಿನ ಮೆಟ್ಟಿಲಲ್ಲಿ ಕೂರುತ್ತಿದ್ದಳು, ನಾನು ಕೆಳಗಿನದರಲ್ಲಿ. ನನ್ನ ತಲೆ ಬಾಚುತ್ತಾ ಅವಳು ಹೇಳದ ಸುದ್ದಿ ಇರಲಿಲ್ಲ. ಯಾರ ಮನೆಯ ಎಮ್ಮೆ ಕಾಲುವೆಗೆ ಬಿತ್ತು, ಯಾವ ಮಾಸ್ತರು ಪಾಠದ ನಡುವೆ ನಿದ್ದೆ ಹೊಡೆದರು, ಡ್ಯಾಮಿನ ಗೇಟು ತೆಗೆದರೆ ನೀರು ಎಲ್ಲಿಯವರೆಗೆ ಹೋಗುತ್ತದೆ, ಎಲ್ಲ. ಆ ಅಕ್ಕ ನನಗೆ ಬೇಕಾಗಿದ್ದಳು. ಐವತ್ತು ದಾಟಿದ ಮೇಲೂ ಆ ಮೆಟ್ಟಿಲಿನ ಆಸೆ ಹೋಗಿರಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ.

ಹೋದ ವರ್ಷ ಅಕ್ಕನ ಕಿರಿಯ ಮಗನ ಮದುವೆಯಾಗಿ ಮನೆಗೆ ಇನ್ನೊಬ್ಬ ಸೊಸೆ ಬಂದಳು. ಇದೇ ಸಮಯ ಎಂದುಕೊಂಡು ನಾನು ಭಾವನ ಅಂಗಡಿಗೇ ಹೋಗಿ, ನಮ್ಮ ಅಕ್ಕನನ್ನು ಎರಡು ದಿನಕ್ಕೆ ಕೊಡಿ ಎಂದು ಕೇಳಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಅವರಿಗೆ ಗೊತ್ತು. ನಕ್ಕು ಒಪ್ಪಿಕೊಂಡರು, ಆದರೆ ಎರಡೇ ದಿನ ಎಂದು ಎರಡು ಸಲ ಹೇಳಿದರು.

ಎಲ್ಲಿಗೆ ಹೋಗುವುದು ಎಂಬುದನ್ನು ಕಾಲೇಜು ಓದುವ ನನ್ನ ಮಗಳಿಗೆ ಬಿಟ್ಟೆ. ಬಿಟ್ಟೆ ಎಂದು ಹೇಳಿಕೊಂಡೆ, ಅಷ್ಟೇ. ಅವಳು ಫೋನಿನಲ್ಲಿ ಎರಡು ಜಾಗ ಹುಡುಕಿದಳು, ಎರಡೂ ಹೈದರಾಬಾದಿನ ಹೊರವಲಯದಲ್ಲಿ. ಒಂದು ಥೀಮ್ ಪಾರ್ಕು. ಒಳಗೇ ರೆಸಾರ್ಟು, ಸಾಲಾಗಿ ವಿಲ್ಲಾಗಳು, ನೀರಿನ ಜಾರುಬಂಡೆ. ವಿಲ್ಲಾದಲ್ಲಿ ಅಡುಗೆಮನೆ ಇರಲಿಲ್ಲ, ನೀರು ಕಾಯಿಸಲು ಒಂದು ಕೆಟಲು ಮಾತ್ರ. ಮೂರು ಹೊತ್ತೂ ಊಟದ ಹಾಲ್‌ಗೆ ಹೋಗಿ ಉಣ್ಣಬೇಕು. ಇನ್ನೊಂದು ಯಾರದೋ ಸ್ವಂತ ಮನೆ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವುದು. ಕೆರೆಯ ದಂಡೆ, ಎರಡು ಕೋಣೆ. ಗ್ಯಾಸು, ಮಿಕ್ಸರು, ಪಾತ್ರೆ ಎಲ್ಲ ಇದ್ದವು. ಮುಂಬಾಗಿಲಿಗೆ ಮೆಟ್ಟಿಲೂ ಇದ್ದವು.

ಮಗಳು ಪಾರ್ಕಿನ ಕಡೆ, ನಾನು ಮೆಟ್ಟಿಲಿನ ಕಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ವಾರವಿಡೀ ಜಗ್ಗಾಡಿದೆವು. ಜಾರುಬಂಡೆ ಆಡುವ ವಯಸ್ಸು ನಮ್ಮದಲ್ಲ ಎಂದೆ ನಾನು. ದೊಡ್ಡವ್ವನನ್ನೇ ಕೇಳು ಎಂದಳು ಅವಳು. ಕೊನೆಗೆ ಅಕ್ಕನಿಗೆ ಫೋನು ಮಾಡಿ ಎರಡನ್ನೂ ವಿವರಿಸಿದೆ. ನಿನಗೆ ಯಾವುದು ಸರಿ ಕಾಣುತ್ತದೋ ಅದನ್ನೇ ಮಾಡು ಅಂದಳು. ಅಕ್ಕ ಯಾವತ್ತೂ ಅನ್ನುವುದು ಅದನ್ನೇ. ಆಮೇಲೆ ಪಾರ್ಕಿನ ಬಗ್ಗೆ ಒಂದೇ ಮಾತು ಕೇಳಿದಳು.

“ಅಲ್ಲಿ ಅಡಗಿ ಯಾರ್ ಮಾಡ್ತಾರ?”

ನನಗೆ ತಿಳಿಯಿತು ಎಂದುಕೊಂಡೆ. ನಮ್ಮ ಮಂದಿಯಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಅರ್ಥ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು ಹೊರಗಿನ ಊಟದ ಬಗ್ಗೆ ಹೀಗೆ ಕೇಳಿದಳೆಂದರೆ, ಮಾಡುವವರು ಎಂಥವರೋ, ಅದೇ ಸೌಟನ್ನು ಮಾಂಸದ ಸಾರಿಗೂ ಹಾಕಿರುತ್ತಾರೋ ಏನೋ ಎಂಬ ಅನುಮಾನ. ಅಕ್ಕನ ಅತ್ತೆ ಬದುಕಿರುವವರೆಗೂ ಯಾವ ಕಾರ್ಯಕ್ಕೆ ಹೋದರೂ ಬಾಗಿಲಲ್ಲೇ ಕೇಳುತ್ತಿದ್ದದ್ದು ಇದನ್ನೇ. ಹಾಗಾಗಿ ಮಗಳಿಗೆ ಇನ್ನೊಂದು ಮಾತಾಡಲು ಬಿಡದೆ ಬಾಡಿಗೆ ಮನೆಯನ್ನೇ ಗೊತ್ತು ಮಾಡಿಸಿದೆ. ಅಲ್ಲಿ ಅಡುಗೆಮನೆ ಇದೆ, ನಿನ್ನ ಕೈಯಾರೆ ಮಾಡಿಕೊಂಡು ಉಣ್ಣಬಹುದು ಎಂದು ಅಕ್ಕನಿಗೆ ಹೆಮ್ಮೆಯಿಂದ ತಿಳಿಸಿದೆ. ಚಲೋ ಆಯಿತು ಬಿಡು ಅಂದಳು. ಎಷ್ಟು ಬೇಗ ಅವಳ ಮನಸ್ಸು ತಿಳಿದುಕೊಂಡೆ ಎಂದು ನಾನೇ ಬೀಗಿದೆ.

ನಾನು, ಮಗಳು ಹೈದರಾಬಾದಿನ ರೈಲಿಗೆ ಕಾಯುತ್ತಿದ್ದ ಯಾದಗಿರಿ ಸ್ಟೇಷನ್ನಿಗೆ ಅಕ್ಕ ಬಂದಾಗ ಅವಳ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಸೀರೆ. ಇನ್ನೊಂದರಲ್ಲಿ ಜೋಳದ ಹಿಟ್ಟು, ಬೇಳೆ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಜೊತೆಗೆ ಪೇಪರಿನಲ್ಲಿ ಸುತ್ತಿದ ಕಬ್ಬಿಣದ ಹಂಚು. ಬೇರೆಯವರ ಹಂಚಿನ ಮೇಲೆ ಏನೇನು ಬೇಯಿಸಿರುತ್ತಾರೋ ಎಂದು ದೊಡ್ಡ ಸೊಸೆ ಕಟ್ಟಿಕೊಟ್ಟಿದ್ದಳಂತೆ.

ಮನೆ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಅಕ್ಕ, ಹಾಲು ಎಲ್ಲಿ ಸಿಗುತ್ತದೆ ಎಂದಳು. ಎರಡೇ ದಿನಕ್ಕಾದರೂ ಹೊಸ ಮನೆ ಹೊಸ ಮನೆಯೇ, ಹಾಲು ಉಕ್ಕಿಸದೆ ಇರಬಾರದಂತೆ. ಮಗಳು ಹೋಗಿ ಹಾಲು ತಂದಳು. ಹಾಲು ಉಕ್ಕಿತು. ಉಳಿದ ಹಾಲಿಗೆ ಚಹಾಪುಡಿ ಬಿತ್ತು. ಒಲೆ ಹೇಗೂ ಹೊತ್ತಿದೆಯಲ್ಲ ಎಂದು ಬೇಳೆಗಿಟ್ಟಳು. ನಾನು ಮೆಟ್ಟಿಲ ಮೇಲೆ ಕೂತು ಕರೆದೆ. ಬಂದೆ ಅಂದಳು. ಬೇಳೆಯ ಹಿಂದೆ ರೊಟ್ಟಿ, ರೊಟ್ಟಿಯ ಹಿಂದೆ ಪಾತ್ರೆ, ಅಷ್ಟರಲ್ಲಿ ಮತ್ತೆ ಚಹಾದ ಹೊತ್ತು. ನಾನು ಕೈಹಾಕಲು ಹೋದರೆ, ರಜೆ ಮೇಲೆ ಬಂದವಳು ಆರಾಮಾಗಿ ಕೂತಿರು ಎಂದು ಹೊರಗೆ ದಬ್ಬಿದಳು. ಸಿಟ್ಟು ತಡೆಯಲಾರದೆ ಒಂದು ಸಲ ಗ್ಯಾಸು ಆರಿಸಿಯೂ ಬಿಟ್ಟೆ. ಅವಳು ಮತ್ತೆ ಹಚ್ಚಿದಳು.

ಮರುದಿನ ಮಧ್ಯಾಹ್ನ ಹೇಗೋ ಕೈ ಹಿಡಿದು ಎಳೆದು ತಂದು ಮೆಟ್ಟಿಲ ಮೇಲೆ ಕೂರಿಸಿದೆ. ಕಾಲುವೆಗೆ ಬಿದ್ದ ಎಮ್ಮೆಯ ಕಥೆ ಹೇಳು ಅಂದೆ. ಅರ್ಧ ಹೇಳಿದ್ದಳೋ ಇಲ್ಲವೋ, ಗೋಡೆಗೆ ತಲೆ ಆನಿಸಿ ನಿದ್ದೆ ಹೋದಳು. ಮಡಿಲಲ್ಲಿದ್ದ ಕೈಯ ತುಂಬ ಹಂಚು ತಾಗಿದ ಹಳೆಯ ಕಲೆಗಳು. ಎಬ್ಬಿಸಲು ಮನಸ್ಸಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಕೆರೆ ನೋಡುತ್ತಾ ಕೂತೆ. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು, ಆದರೂ ಅಕ್ಕ ಬೇಕು ಎಂದು ಅಳು ಬರುತ್ತಿತ್ತು.

ವಾಪಸು ಬರುವಾಗ ರೈಲಿನಲ್ಲಿ ಅಕ್ಕ ನನ್ನ ಮಗಳಿಗೆ, ಆ ಇನ್ನೊಂದು ಜಾಗದ ಫೋಟೋ ತೋರಿಸು ಅಂದಳು. ಮಗಳು ಉತ್ಸಾಹದಿಂದ ಜಾರುಬಂಡೆ ತೋರಿಸಿದಳು. ಅಕ್ಕ ಅದನ್ನು ಸರಿಸಿ ಊಟದ ಹಾಲ್‌ನ ಫೋಟೋಕ್ಕೆ ಬಂದು ನಿಂತಳು. ಉದ್ದನೆಯ ಮೇಜು, ಮುಚ್ಚಳ ಹಾಕಿದ ಪಾತ್ರೆಗಳ ಸಾಲು, ಬಿಳಿ ಟೊಪ್ಪಿಗೆ ಹಾಕಿಕೊಂಡ ಅಡುಗೆಯವರು. ಬೆರಳಿನಿಂದ ಹಿಗ್ಗಿಸಿ ಒಂದೊಂದನ್ನೇ ನೋಡಿದಳು. ಸುಮ್ಮನೆ ಹೋಗಿ ಕೂತರೆ ಉಣ್ಣಲು ಕೊಡುತ್ತಾರೇನು ಎಂದು ಕೇಳಿದಳು. ಹೌದು ದೊಡ್ಡವ್ವ ಎಂದಳು ಮಗಳು.

“ಬಾಂಡೆನೂ ಅವರೇ ತಿಕ್ಕತಾರೇನು?”

ಅದಕ್ಕೂ ಹೌದು ಎಂದಳು.

“ಅದನ್ನೇ ನಾ ಅವತ್ತು ನಿಮ್ಮವ್ವಗ ಕೇಳಿದ್ದೆ,” ಎಂದಳು ಅಕ್ಕ. ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಜಗಳವಾಡಲು ಅನುಕೂಲವಾಗುತ್ತಿತ್ತು.

ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ರೇಗಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

“ಬ್ಯಾರೇರ ಕೈಲೆ ಮಾಡಿಸ್ಕೊಂಡು ಕುಂತು ಉಣ್ಣೂ ಆಸಿ ಆಗ್ಯಾದ ಅಂತ ಹೆಂಗ ಹೇಳಲಿ ಯವ್ವಾ? ನಾಚಿಕಿ ಬರ್ತದ.”

ಮುಂದಿನ ಸಲ ಅಲ್ಲಿಗೇ ಹೋಗೋಣ ಎಂದೆ. ಹೂಂ ಅಂದಳು. ಕಿರಿಯ ಸೊಸೆ ಆಗಲೇ ಬಸುರಿಯಾಗಿದ್ದಳು. ಮುಂದಿನ ಸಲ ಯಾವಾಗ ಎಂಬುದು ನನಗೂ ತಿಳಿಯದು, ಅವಳಿಗೂ ತಿಳಿಯದು.

ಯಾದಗಿರಿಯಲ್ಲಿ ರೈಲು ಇಳಿದು ಮೂವರೂ ಸುರಪುರದ ಬಸ್ಸು ಹತ್ತಿದೆವು. ಶಹಾಪುರ ಬಂದು ನಾನು, ಮಗಳು ಏಳುವಾಗ ಅಕ್ಕ ತನ್ನ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. ಒಳಗೆ ರೊಟ್ಟಿ, ಪಲ್ಯ.

“ಮುಂಜಾನೆ ಎದ್ದು ಹೆಚ್ಚಿಗಿ ಬಡದೀನಿ. ಮನಿಗಿ ಹೋಗಿ ನೀ ಇವತ್ತು ಒಲಿ ಹಚ್ಚಬ್ಯಾಡ.”

ಕಂಡಕ್ಟರು ಅವಸರ ಮಾಡಿದ, ಇಳಿದುಬಿಟ್ಟೆ. ಬಸ್ಸು ಹೋಯಿತು. ಆ ದಿನ ನನ್ನ ಮನೆಯಲ್ಲಿ ಒಲೆ ಹಚ್ಚಲಿಲ್ಲ, ಕೂತು ಉಂಡೆ. ಅಕ್ಕ ರಂಗಂಪೇಟೆ ಮುಟ್ಟಿ, ಕೈಕಾಲು ತೊಳೆದುಕೊಂಡು, ಹದಿನಾಲ್ಕು ಮಂದಿಗೆ ಅನ್ನಕ್ಕಿಟ್ಟಳಂತೆ.